ಚಕ್ರದ ಬೂಟಿಗೆ ಹೂವು ಮುಡಿಸಿದ ಹಬ್ಬ

ಇವತ್ತು ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಮನೆಯೆಲ್ಲ ಸೇವಂತಿಗೆ ವಾಸನೆ. ನಾಳೆ ಆಯುಧಪೂಜೆ. ನನ್ನ ಮಗ ರಾಜು ಯಶವಂತಪುರದ ಮಂಡಿಯಿಂದ ಈರುಳ್ಳಿ, ಆಲೂಗಡ್ಡೆ ಹೊರುವ ಲಗೇಜು ಗಾಡಿ ಓಡಿಸುತ್ತಾನೆ. ಬರುವಾಗ ಚೀಲಗಟ್ಟಲೆ ಹೂವು ತಂದು ಜಗುಲಿಯ ಮೇಲೆ ಸುರಿದಿದ್ದಾನೆ. ವರ್ಷವೆಲ್ಲ ಬೈದುಕೊಂಡು ಓಡಿಸುವ ಗಾಡಿಗೆ ಒಂದು ದಿನ ಮದುಮಗಳ ಅಲಂಕಾರ. ಸ್ಕೂಟರಿಗೆ ಹಾರ, ಸೊಸೆ ಶೋಭಾಳ ಹೊಲಿಗೆ ಮಿಷನ್ನಿಗೆ ಹಾರ, ಮಿಕ್ಸಿಗೆ ಹೂವು, ಮೂಲೆಯಲ್ಲಿ ತುಕ್ಕು ಹಿಡಿದು ಕೂತ ಕುಡುಗೋಲಿಗೂ ಒಂದು ಹೂವು. ನನ್ನ ಮೊಮ್ಮಗಳು ಮೋನಿಷಾಳ ಚಕ್ರದ ಬೂಟಿಗೆ ಮಾತ್ರ ಹೂವಿಲ್ಲ. ಅದರ ಮೂತಿಯ ಚರ್ಮಕ್ಕೆ ಒಂದು ಬೊಟ್ಟು ಕುಂಕುಮ, ಅಷ್ಟೇ. ಪೂಜೆಗೆ ಬಂದವರು ಪ್ರತಿ ವರ್ಷ, ‘ಇದಕ್ಯಾಕೆ ಮರ್ತ್ರಿ?’ ಎನ್ನುತ್ತಾರೆ. ಮರೆತಿಲ್ಲ. ಸೇವಂತಿಗೆ ವಾಸನೆ ಬಂದರೆ ಬೇರೆಯವರಿಗೆ ದೇವರ ಮನೆ ನೆನಪಾಗಬಹುದು. ನನಗೆ ಊದಿದ ಕಾಲು ನೆನಪಾಗುತ್ತದೆ.

ಮೊದಲು ಈ ಆಟ ಏನೆಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ತಿಳಿದ ಹಾಗೇ ನೀವೂ ತಿಳಿಯುತ್ತೀರಿ, ಮಕ್ಕಳು ಚಕ್ರ ಕಟ್ಟಿಕೊಂಡು ಸುಯ್ಯನೆ ಸುತ್ತು ಹೊಡೆಯುವುದು ಎಂದು. ಅದು ಓಟ. ಇದು ಫಿಗರ್ ಸ್ಕೇಟಿಂಗು. ಟಿವಿಯಲ್ಲಿ ಬೇರೆ ದೇಶದವರು ಐಸಿನ ಮೇಲೆ ಮಾಡುವುದನ್ನು ನೋಡಿರುತ್ತೀರಿ. ನಮ್ಮ ಯಲಹಂಕದಲ್ಲಿ ಐಸು ಇರುವುದು ಮೀನಿನ ಅಂಗಡಿಯಲ್ಲಿ, ಆದ್ದರಿಂದ ಇಲ್ಲಿ ಅದನ್ನೇ ನುಣ್ಣನೆಯ ಸಿಮೆಂಟಿನ ಮೇಲೆ ಮಾಡುತ್ತಾರೆ. ಒಂದೊಂದು ಬೂಟಿಗೆ ನಾಲ್ಕು ಚಕ್ರ, ಮುಂದೆರಡು, ಹಿಂದೆರಡು. ನೆಲದ ಮೇಲೆ ಬಣ್ಣದಲ್ಲಿ ದೊಡ್ಡ ದೊಡ್ಡ ವೃತ್ತ ಬರೆದಿರುತ್ತಾರೆ. ಒಂಟಿ ಕಾಲಲ್ಲಿ ನಿಂತು ಆ ಗೆರೆಯ ಮೇಲೇ ಪೂರ್ತಿ ಸುತ್ತಿ ಬರಬೇಕು. ಗೆರೆ ಬಿಟ್ಟು ಚಕ್ರ ಆಚೆ ಹೋದರೆ ನಂಬರು ಹೋಯಿತು. ಅದಾದ ಮೇಲೆ ಹಾಡಿಗೆ ತಕ್ಕ ಹಾಗೆ ಜಿಗಿಯುವುದು, ಬುಗುರಿಯ ಹಾಗೆ ತಿರುಗುವುದು. ಮೊದಲ ಸಲ ನೋಡಿದಾಗ, ಈ ಹುಡುಗಿಯರಿಗೆ ಬೆನ್ನಲ್ಲಿ ಮೂಳೆ ಇದೆಯೋ ಇಲ್ಲವೋ ಎಂದುಕೊಂಡೆ. ಸೊಸೆಗೆ ಹೊಲಿಗೆ ಕೆಲಸ ಬಿಟ್ಟು ಬರಲಾಗುವುದಿಲ್ಲವೆಂದು ಮಗುವಿನ ಕಾವಲಿಗೆ ಹೋದವಳು ನಾನು. ಹುಚ್ಚು ಹತ್ತಿಸಿಕೊಂಡು ಬಂದೆ. ಒಂದು ದಿನ ಕ್ಲಾಸು ತಪ್ಪಿದರೆ ಮೋನಿಗಿಂತ ನನಗೇ ಕೈಕಾಲು ಆಡುತ್ತಿರಲಿಲ್ಲ.

ಆ ವರ್ಷ ಮೋನಿ ಏಳನೇ ಕ್ಲಾಸು. ಜಿಲ್ಲೆಯ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು, ದಸರಾ ಮುಗಿಯುತ್ತಲೇ ಸ್ಪರ್ಧೆ. ಆಯುಧಪೂಜೆಯ ದಿನ ರಾಜು ಗಾಡಿ ತೊಳೆದು, ಪಟ್ಟೆ ಬಳಿದು, ಬಾಳೆಕಂದು ಕಟ್ಟಿ, ಆಮೇಲೆ ಮಗಳ ಬೂಟನ್ನೂ ತಂದು ಗಾಡಿಯ ಪಕ್ಕ ಇಟ್ಟ.

“ಅಪ್ಪಾ, ಬೂಟಿಗೆಲ್ಲಾ ಯಾರಾದ್ರೂ ಪೂಜೆ ಮಾಡ್ತಾರಾ?” ಎಂದು ಮೋನಿ ನಕ್ಕಳು.

“ಚಕ್ರ ಇದ್ಯಲ್ವಾ? ಚಕ್ರ ಇದ್ಮೇಲೆ ಗಾಡಿನೇ ಕಣೇ.”

ಸರಿ, ನಿಂಬೆಹಣ್ಣು ಇಡಬೇಕಲ್ಲ. ಗಾಡಿಗೆ ಆಯಿತು, ಸ್ಕೂಟರಿಗೆ ಆಯಿತು, ಬೂಟಿಗೆ ಬಂದಾಗ ರಾಜು ತಲೆ ಕೆರೆದುಕೊಂಡ. “ಅಮ್ಮಾ, ಇದಕ್ಕೆ ಎಂಟು ಬೇಕಲ್ಲಮ್ಮಾ! ನನ್ ಗಾಡಿಗಿಂತ ಜಾಸ್ತಿ ಕೇಳ್ತದೆ.”

“ಸಣ್ಣ ಚಕ್ರಕ್ಕೆ ಸಣ್ಣ ಕಾಯಿ ಇಡೋ. ಪಿಟೀಲು ಕುಯ್ತಾ ನಿಂತ್ಕೋಬೇಡ” ಎಂದೆ.

ಬೂಟನ್ನು ಕೈಯಲ್ಲಿ ಒತ್ತಿದರೆ ಹಣ್ಣು ಒಡೆಯಲಿಲ್ಲ. ಮೋನಿಗೇ ಬೂಟು ಹಾಕಿಸಿ, ಅಪ್ಪನ ಭುಜ ಹಿಡಿಸಿ, ಮೇಲೆ ಹತ್ತಿಸಿದ್ದಾಯಿತು. ಒಂದೊಂದು ಹಣ್ಣು ಪಚಕ್ ಎಂದಾಗಲೂ ಬೀದಿಯ ಮಕ್ಕಳೆಲ್ಲ ಹೋ ಎಂದು ಕೂಗಿದರು. ಆಮೇಲೆ ರಾಜು ಒಂದು ಉದ್ದನೆಯ ಸೇವಂತಿಗೆ ಮಾಲೆ ತೆಗೆದುಕೊಂಡು ಚಕ್ರಗಳ ಸಂದಿಯಲ್ಲೆಲ್ಲ ನುಗ್ಗಿಸಿ, ಸುತ್ತಿ, ಗಂಟು ಹಾಕಿದ. ಬೂಟು ಕಾಣಲೇ ಇಲ್ಲ, ಹೂವಿನ ಬುಟ್ಟಿಗಳೆರಡು ಕೂತ ಹಾಗಿತ್ತು. ಚೆನ್ನಾಗೇ ಇತ್ತು, ಸುಳ್ಳೇಕೆ ಹೇಳಲಿ.

ಮಾರನೇ ದಿನ ವಿಜಯದಶಮಿ. ಸ್ಪರ್ಧೆ ಹತ್ತಿರ ಬಂತೆಂದು ಕೋಚು ಪ್ರಮೀಳಾ ಮಿಸ್ಸು ಬೆಳಿಗ್ಗೆಯೇ ಕರೆದಿದ್ದರು. ಮೋನಿ ಅವಸರದಲ್ಲಿ ಹೂವು ಕಿತ್ತೆಸೆದು, ಕುಂಕುಮ ಒರೆಸಿ, ಬೂಟು ಚೀಲಕ್ಕೆ ತುಂಬಿಕೊಂಡಳು. ಅಲ್ಲಿ ಮೈ ಬಿಸಿ ಮಾಡಿಕೊಳ್ಳುವ ಕಸರತ್ತನ್ನೂ ಅರ್ಧಕ್ಕೆ ಬಿಟ್ಟು ನೆಲಕ್ಕಿಳಿದಳು. ಹಾಡು ಶುರುವಾಯಿತು. ಎರಡು ಸುತ್ತು ಚೆನ್ನಾಗಿ ಹೋದಳು. ಹಿಂದುಹಿಂದಕ್ಕೆ ಜಾರುತ್ತ ಬಂದು, ಇನ್ನೇನು ಜಿಗಿಯಬೇಕು, ಒಂದು ಚಕ್ರ ಗಕ್ಕನೆ ನಿಂತಿತು. ಕಾಲು ಅಲ್ಲೇ ಉಳಿಯಿತು, ಮೈ ಜಾರುತ್ತಲೇ ಹೋಯಿತು. ಬಲಗಾಲಿನ ಹರಡು ಒಳಕ್ಕೆ ಮಡಚಿಕೊಂಡಿತು; ಅಂಗೈ ನೆಲಕ್ಕೆ ಬಡಿದ ಸದ್ದು ನಾನು ಕೂತಿದ್ದ ಕಲ್ಲುಬೆಂಚಿನವರೆಗೂ ಕೇಳಿಸಿತು.

ನಾನು ಅಳಲಿಲ್ಲ. ಅಳುವವರು ಅಲ್ಲಿ ಆಗಲೇ ಬೇಕಾದಷ್ಟಿದ್ದರು. ಯಾರೋ ಒಬ್ಬರು ಮಗುವನ್ನು ರಟ್ಟೆ ಹಿಡಿದು ಎಬ್ಬಿಸಲು ಹೊರಟರು. “ಎತ್ತಬೇಡಿ! ಅವಳನ್ನ ಮೊದ್ಲು ಕೇಳಿ, ಎಲ್ಲಿ ನೋವು ಅಂತ” ಎಂದು ಗದರಿದೆ. ಪ್ರಮೀಳಾ ಮಿಸ್ಸು ಲೇಸು ಸಡಿಲಿಸಿ ನಿಧಾನವಾಗಿ ಬೂಟು ತೆಗೆದರು. ಅಷ್ಟರಲ್ಲಿ ಕಾಲು ಕೆಂಪು ಹರಿವೆ ಸೊಪ್ಪಿನ ಬಣ್ಣಕ್ಕೆ ತಿರುಗುತ್ತಿತ್ತು. ಆಸ್ಪತ್ರೆಯಲ್ಲಿ ಫೋಟೋ ತೆಗೆಸಿ ನೋಡಿದರೆ ಮೂಳೆ ಮುರಿದಿಲ್ಲ, ಮೂಳೆಗಳನ್ನು ಹಿಡಿದಿಡುವ ನಾರು ಎಳೆದುಕೊಂಡು ಅಷ್ಟಿಷ್ಟು ಹರಿದಿದೆ ಎಂದರು. ಸ್ಪರ್ಧೆಯ ಮಾತು ಅಲ್ಲಿಗೆ ಮುಗಿಯಿತು.

ಸಂಜೆ ಪ್ರಮೀಳಾ ಮಿಸ್ಸು ಬೂಟು ಹಿಡಿದುಕೊಂಡು ಮನೆಗೆ ಬಂದರು. ಒಂದು ಚಕ್ರ ಬಿಚ್ಚಿದ್ದರು. ಒಳಗೆ ಬೇರಿಂಗಿನ ಪಕ್ಕ, ಹೂವು ಕಟ್ಟುವ ದಾರದ ಒಂದು ತುಂಡು ಬಿಗಿಯಾಗಿ ಸುತ್ತಿಕೊಂಡು ಕೂತಿತ್ತು. ಅದಕ್ಕೆ ಹಳದಿ ಎಸಳಿನ ಚೂರೂ ಅಂಟಿತ್ತು. ಅವರು ಏನೂ ಬೈಯಲಿಲ್ಲ, “ನೋಡಿ ಸರ್” ಎಂದರು, ಅಷ್ಟೇ. ರಾಜು ನೋಡಿದ. ಹೆಬ್ಬಾಳದ ಫ್ಲೈಓವರಿನ ಗಲಾಟೆಯಲ್ಲೂ ಪಕ್ಕದ ಗಾಡಿಯ ಬೇರಿಂಗು ಹೋಗಿದೆ ಎಂದು ಸದ್ದಿನಲ್ಲೇ ಹೇಳುವ ಮನುಷ್ಯ ಅವನು. ಉಗುರಿನಲ್ಲಿ ಆ ದಾರ ಕೀಳಲು ನೋಡಿದ, ಬರಲಿಲ್ಲ.

“ಸಾಕು ಮಿಸ್” ಎಂದ. “ಇನ್ನ್ ಮೇಲೆ ಕಳ್ಸಲ್ಲ. ಹಬ್ಬದ ದಿನ ಪೂಜೆ ಮಾಡಿದ್ದಕ್ಕೇ ಹಿಂಗಾಯ್ತು ಅಂದ್ರೆ, ದೇವ್ರಿಗೇ ಇಷ್ಟ ಇಲ್ಲ ಅಂತ ಅರ್ಥ.”

ನನಗೆ ರೇಗಿತು. “ದೇವ್ರಿಗೆ ಬೇರೆ ಕೆಲ್ಸ ಇಲ್ವೇನೋ? ದಾರ ಸುತ್ತಿದ್ದು ನೀನು. ದೇವ್ರು ಬಂದು ಸ್ಪ್ಯಾನರ್ ಇಟ್ಕೊಂಡು ಬಿಚ್ಬೇಕಿತ್ತಾ?”

“ಅಮ್ಮಾ, ಮಗು ಕಾಲ್ ನೋಡಮ್ಮಾ.”

“ನೋಡಿದೀನಿ. ಕಾಲು ಇದೆ, ವಾಸಿ ಆಗ್ತದೆ. ನಿನ್ ಗಾಡಿ ಬ್ರೇಕ್ ಹೋಗಿ ಮೋರಿಗೆ ಇಳೀತಲ್ಲ, ಮಾರ್ಬಿಟ್ಯಾ?”

ಅವನು ಎದ್ದು ಬೂಟನ್ನು ಅಟ್ಟಕ್ಕೆ ಎಸೆದ. ಅವನು ಬೇಡ ಎಂದದ್ದನ್ನು ನಾನೇನೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ, ಹೆತ್ತವಳು ನಾನು, ಅವನ ಹಟ ಎಷ್ಟು ದಿನದ್ದು ಎಂದು ಬಲ್ಲೆ. ಆದರೆ ಒಳಗೆ ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದ ಮೋನಿ ಎಲ್ಲ ಕೇಳಿಸಿಕೊಂಡೂ ‘ಬೇಕು’ ಎನ್ನಲಿಲ್ಲ. ಊಟಕ್ಕೆ ಕೂಗಿದರೂ ‘ಒಂದೇ ಒಂದ್ಸಲ ಸ್ಪಿನ್ ತೋರಿಸ್ತೀನಿ ಅಜ್ಜಿ’ ಎಂದು ಅಡುಗೆಮನೆಯಲ್ಲಿ ತಿರುಗುವ ಹುಡುಗಿ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆಗ ನನಗೆ ಹೆದರಿಕೆಯಾಯಿತು. ಕಾಲಿನದಲ್ಲ. ಇವಳು ಇನ್ನು ಆ ಬೂಟು ಹಾಕುವುದೇ ಇಲ್ಲವೇನೋ ಎಂದು.

ಕಾಲು ಉಳುಕಿದ ಮನೆಗೆ ಡಾಕ್ಟರುಗಳು ಎಷ್ಟು ಜನ ಬರುತ್ತಾರೆ ಗೊತ್ತಲ್ಲ. ಎದುರುಮನೆಯವರು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ ಎಂದರು. ರಾಜಾನುಕುಂಟೆಯಿಂದ ಬಂದ ನನ್ನ ತಂಗಿ, “ಒಂದ್ಸಲ ಲಟ್ ಅಂತ ಎಳುದ್ರೆ ಸರಿ ಓಯ್ತದೆ, ಇಂಗೆ ಕೊಡು ಕಾಲ” ಎಂದು ಸೆರಗು ಕಟ್ಟಿಯೇಬಿಟ್ಟಳು. ಅವಳಿಗೆ ಕಾಫಿ ಕೊಟ್ಟು ಕೈಗೆ ಕೆಲಸ ಇಲ್ಲದ ಹಾಗೆ ಮಾಡಿದೆ. ನನಗೂ ಹುಣಸೆಹಣ್ಣು, ಉಪ್ಪು ಕುದಿಸಿ ಪಟ್ಟು ಹಾಕುವ ಆಸೆ ಇತ್ತು. ಆದರೆ ಆಸ್ಪತ್ರೆಯವರು ಕಳಿಸಿದ ಫಿಸಿಯೋ ಹುಡುಗ ಬಿಡಲಿಲ್ಲ. ಬಾಗಲಕೋಟೆ ಕಡೆಯವನು, ಬಸವರಾಜ ಎಂದು. ಸೋಲದೇವನಹಳ್ಳಿ ಹತ್ತಿರ ಓದಿ ಇಲ್ಲೇ ಕೆಲಸಕ್ಕೆ ಸೇರಿದ್ದ.

“ಅಜ್ಜಿ, ತಿಕ್ಕಬ್ಯಾಡ್ರಿ, ಕಾಸಬ್ಯಾಡ್ರಿ. ಈಗ ಬಾವು ಅದ. ಬಟ್ಟಿಯೊಳಗ ಐಸ್ ಸುತ್ತಿ ಆಗಾಗ ಇಡ್ರಿ, ಕಾಲು ಮ್ಯಾಲಿಟ್ಟು ಮಲಗಸ್ರಿ.”

“ನೋವಿಗೆ ಯಾರಾದ್ರೂ ತಣ್ಣಗಿರೋದು ಇಡ್ತಾರೇನಪ್ಪಾ? ನಿಮ್ಮೂರಲ್ಲಿ ಇಂಗೇನಾ?”

“ನಮ್ಮೂರಾಗ ಐಸ್ ಎಲ್ಲಿಂದ ಬರಬೇಕ್ರಿ ಅಜ್ಜಿ, ನೀರಾ ಕಾದಿರತಾವ” ಎಂದು ನಕ್ಕ. ಆ ಮಾತಿಗೆ ಅವನು ನನಗೆ ಹಿಡಿಸಿದ. ಐಸು ಇಟ್ಟೆವು. ಬಾವು ಇಳಿಯಿತು. ಒಪ್ಪಿಕೊಳ್ಳಲು ಎರಡು ದಿನ ಕಷ್ಟವಾಯಿತು, ಆಮೇಲೆ ಒಪ್ಪಿಕೊಂಡೆ.

ಬಾವು ಇಳಿದ ಮೇಲೆ ನಿಜವಾದ ಕೆಲಸ ಶುರು. ಮೊದಲು ಕೂತಲ್ಲೇ ಪಾದ ಆಡಿಸುವುದು. ಆಮೇಲೆ ಗೋಡೆ ಹಿಡಿದು ತುದಿಗಾಲಲ್ಲಿ ಏಳುವುದು. ಆಮೇಲೆ ಪೆಟ್ಟಾದ ಕಾಲೊಂದರಲ್ಲೇ ನಿಲ್ಲುವುದು. ಮೋನಿ ಬೇಜಾರಿನಿಂದ ಮಾಡುತ್ತಿದ್ದಳು, ಹುಡುಗ ಹೋದ ಕೂಡಲೇ ಬಿಡುತ್ತಿದ್ದಳು. ನೋವು ಹೋದ ಮೇಲಂತೂ, “ಸರಿ ಹೋಯ್ತಲ್ಲ, ಇನ್ಯಾಕೆ?” ಎಂದಳು. ಬಸವರಾಜ ಕೇಳಿಸಿಕೊಂಡು, “ನೋವು ಹೋದ್ರ ಅರ್ಧ ಕೆಲಸ ಆಗಿರತದ. ಹರಡಿಗೆ ಶಕ್ತಿ ಬರಲಾರದ ಬಿಟ್ರ, ಮತ್ತ ಅದಾ ಕಾಲು ಅದಾ ಜಾಗದಾಗ ಉಳುಕತದ” ಎಂದ. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ನಮ್ಮ ಬೀದಿಯಲ್ಲಿ ಒಂದು ಸಲ ಉಳುಕಿ ಮತ್ತೆ ಮತ್ತೆ ಉಳುಕಿಸಿಕೊಂಡವರೆಲ್ಲ ಹೀಗೆ ಅರ್ಧಕ್ಕೆ ಬಿಟ್ಟವರೇ.

ಅವಳಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲವೆಂದು ಕಂಡು, ಪಂದ್ಯ ಕಟ್ಟಿದೆ. ಅಡುಗೆಮನೆಯಲ್ಲಿ ಕುಕ್ಕರು ಇಟ್ಟು, ವಿಸಲು ಬರುವವರೆಗೆ ಇಬ್ಬರೂ ಒಂಟಿ ಕಾಲಲ್ಲಿ ನಿಲ್ಲುವುದು. ಯಾರು ಕಾಲು ಊರುತ್ತಾರೋ ಅವರು ಪಾತ್ರೆ ತೊಳೆಯುವುದು. ನನಗೆ ಬಸವರಾಜ, ಕಟ್ಟೆಗೆ ಒಂದು ಬೆರಳಾದರೂ ತಾಗಿಸಿಕೊಂಡೇ ನಿಲ್ಲಬೇಕೆಂದು ತಾಕೀತು ಮಾಡಿದ್ದ.

“ಅಜ್ಜಿ ಚೀಟಿಂಗ್! ಪೂರ್ತಿ ಕೈ ಊರಿದೀಯ!”

“ನನ್ ವಯಸ್ಸಿಗೆ ಬಾ, ಆಗ ನೀನೂ ಊರ್ಕೋ. ಈಗ ನಿನ್ ಕಾಲ್ ನೋಡ್ಕೋ, ಅಲ್ಲಾಡ್ತಾ ಇದೆ.”

ಬೇಳೆಯ ಕುಕ್ಕರು ಕೂಗುವ ಮೊದಲೇ ಅವಳು ಕಾಲೂರಿದಳು. ನಾನೇ ಗೆದ್ದೆ. ಮಾರನೇ ದಿನವೂ ಗೆದ್ದೆ. ಸೋತು ಸೋತು ಮೋನಿಗೆ ಕೆಚ್ಚು ಹತ್ತಿತು. ಹಲ್ಲುಜ್ಜುವಾಗಲೂ ಒಂಟಿ ಕಾಲು, ಜಡೆ ಹಾಕಿಸಿಕೊಳ್ಳುವಾಗಲೂ ಒಂಟಿ ಕಾಲು. ಕೊನೆಗೊಂದು ದಿನ ನನ್ನನ್ನು ಸೋಲಿಸಿದಳು. ಪಾತ್ರೆ ತೊಳೆದದ್ದು ನಾನು. ಆ ದಿನದ ಖುಷಿಗೆ ಎರಡು ದಿನದ ಪಾತ್ರೆ ಇದ್ದರೂ ತೊಳೆಯುತ್ತಿದ್ದೆ.

ಕಾಲೇನೋ ಗಟ್ಟಿಯಾಯಿತು. ಬೂಟಿನ ಮಾತೆತ್ತಿದರೆ ಮಾತ್ರ ಮುಖ ಸಣ್ಣಗೆ ಮಾಡುತ್ತಿದ್ದಳು. “ಅಜ್ಜಿ, ಕಣ್ ಮುಚ್ಚಿದ್ರೆ ಆ ಚಕ್ರ ಟಕ್ ಅಂತ ನಿಂತಿದ್ದೇ ಕೇಳ್ಸುತ್ತೆ” ಎಂದಳು ಒಂದು ಮಧ್ಯಾಹ್ನ. ನಾನು ಪ್ರಮೀಳಾ ಮಿಸ್ಸಿಗೆ ಫೋನು ಮಾಡಿದೆ. ಅವರು, “ಮೊದ್ಲು ಬೀಳೋದನ್ನ ಕಲಿಸೋಣ ಅಜ್ಜಿ. ಅವಳು ಹೆದರಿ ಕೈ ಚಾಚಿದ್ಲು, ಅದಕ್ಕೇ ಅಂಗೈಗೂ ಪೆಟ್ಟಾಯ್ತು” ಎಂದು ಮನೆಗೇ ಬಂದರು. ನಡುಮನೆಯಲ್ಲಿ ಎರಡು ಹಾಸಿಗೆ ಹಾಸಿದೆವು.

ಬೀಳುವುದಕ್ಕೂ ಒಂದು ಕ್ರಮವಿದೆ ನೋಡಿ, ನನಗೆ ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲ. ತೂಕ ತಪ್ಪಿತು ಎನ್ನಿಸಿದ ಕೂಡಲೇ ಮಂಡಿ ಮಡಚಿ ತಗ್ಗಬೇಕು. ಎತ್ತರದಿಂದ ಬಿದ್ದಷ್ಟೂ ಪೆಟ್ಟು ಜಾಸ್ತಿ. ಕೈ ಊರಬಾರದು, ಎದೆಗೆ ತಂದುಕೊಳ್ಳಬೇಕು, ಬೆರಳು ಮುಷ್ಟಿ ಹಿಡಿಯಬೇಕು, ಹಿಂದಿನಿಂದ ಬರುವವರ ಚಕ್ರ ಹತ್ತದ ಹಾಗೆ. ಗದ್ದ ಎದೆಗೆ ಒತ್ತಿದರೆ ತಲೆ ನೆಲಕ್ಕೆ ಬಡಿಯುವುದಿಲ್ಲ. ಆಮೇಲೆ ಒಂದು ಪಕ್ಕಕ್ಕೆ, ಮಾಂಸ ಇರುವ ಕಡೆ, ಜಾರಿ ಕೂರಬೇಕು.

“ದೇವ್ರು ಅಲ್ಲಿ ಮೆತ್ತೆ ಇಟ್ಟಿರೋದೇ ಅದಕ್ಕೆ ಕಣೇ” ಎಂದೆ.

“ನನಗೆ ಇಟ್ಟೇ ಇಲ್ಲ ಅಜ್ಜಿ” ಎಂದಳು ಮೋನಿ. ಹೌದು, ಕಡ್ಡಿ ಹಾಗಿದ್ದಾಳೆ. ಶೋಭಾ ಅದನ್ನು ಕೇಳಿಸಿಕೊಂಡು ಮಿಷನ್ನಿನ ಮುಂದೆ ಕೂತಳು. ಸಂಜೆಯ ಹೊತ್ತಿಗೆ ಎರಡೂ ಪಕ್ಕಕ್ಕೆ ಸ್ಪಂಜು ಇಟ್ಟು ಹೊಲಿದ ಚಡ್ಡಿಯೊಂದು ಬಂತು, ಬಟ್ಟೆಯ ಒಳಗೆ ಹಾಕಿಕೊಳ್ಳಲು.

ನಾನೂ ಒಂದು ಸಲ ಬಿದ್ದು ನೋಡುತ್ತೇನೆಂದರೆ ಬಸವರಾಜ ಕೈ ಮುಗಿದುಬಿಟ್ಟ. “ಅಜ್ಜಿ, ನಿಮ್ಮ ಎಲುವು ಬ್ಯಾರೆ, ಆಕಿ ಎಲುವು ಬ್ಯಾರೆ. ನೀವು ಬೀಳಲಾರದಾಂಗ ನಿಲ್ಲೂದು ಕಲೀರಿ, ಸಾಕು.” ಹಾಗಾಗಿ ನಾನು ಕುರ್ಚಿಯಲ್ಲಿ ಕೂತು ಕೂಗುವ ಕೆಲಸ ಹಿಡಿದೆ. ಧೊಪ್! “ಕೈ ಒಳಗೆ!” ಧೊಪ್! “ಗದ್ದ!”

ಹೀಗೇ ನಡೆಯುತ್ತಿರುವಾಗ ಒಂದು ದಿನ ರಾಜು ಮಧ್ಯಾಹ್ನವೇ ಮನೆಗೆ ಬಂದ. ಸದ್ದು ಕೇಳಿ ಓಡಿಬಂದು ಬಾಗಿಲಲ್ಲಿ ನಿಂತ.

“ಏನ್ ನಡೀತಾ ಇದೆ ಇಲ್ಲಿ?”

“ಬೀಳೋದು ಕಲೀತಾ ಇದಾಳೆ.”

“ಬೀಳೋದನ್ನ ಯಾರಾದ್ರೂ ಕಲೀತಾರೇನಮ್ಮಾ?”

“ಅಪ್ಪಾ, ಇಲ್ ನೋಡು!” ಎಂದು ಮೋನಿ ಅವನ ಮುಂದೆಯೇ ಧೊಪ್ಪನೆ ಬಿದ್ದು, ಅದೇ ರಭಸದಲ್ಲಿ ಎದ್ದು, ಕೂದಲು ಹಿಂದಕ್ಕೆ ತಳ್ಳಿ ನಕ್ಕಳು. ಹಬ್ಬವಾದ ಮೇಲೆ ಆ ನಗು ನಾವು ಕೇಳಿರಲಿಲ್ಲ. ರಾಜು ಊಟ ಮಾಡಿ ಹೋದ. ಮಾರನೇ ಬೆಳಿಗ್ಗೆ ನೋಡುತ್ತೇನೆ, ಅಟ್ಟದ ಬೂಟು ಕೆಳಗಿಳಿದಿದೆ. ಎಂಟೂ ಚಕ್ರ ಬಿಚ್ಚಿ, ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ನೆನೆಹಾಕಿದ್ದಾನೆ, ಅದೂ ನಾನು ಹುಳಿ ಬಡಿಸುವ ಬಟ್ಟಲಲ್ಲಿ! ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಒಂದೊಂದು ಚಕ್ರವನ್ನೂ ಒಣಗಿಸಿ, ಹಾಕಿ, ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳುತ್ತಿದ್ದ. ಅವತ್ತಿನಿಂದ ಅದೇ ಪದ್ಧತಿ. ಅವನು ಚಕ್ರ ತಿರುಗಿಸಿ ಕೇಳದೆ ಬೂಟು ಮನೆ ಬಿಡುವುದಿಲ್ಲ. ಮೈ ಬೆವರುವವರೆಗೆ ಕಸರತ್ತು ಮಾಡದೆ ನಾನು ಲೇಸು ಕಟ್ಟಗೊಡುವುದಿಲ್ಲ.

ರಿಂಕಿಗೆ, ಅದೇ ಆ ಸಿಮೆಂಟಿನ ಅಂಗಳಕ್ಕೆ, ಮರಳಿದ ಮೇಲೆ ಬಹಳ ದಿನ ಬರೀ ವೃತ್ತ. ಗೆರೆಯ ಮೇಲೆ ನಿಧಾನಕ್ಕೆ ಒಂಟಿ ಕಾಲಲ್ಲಿ ಹೋಗುವುದು, ಬರುವುದು. ಜಿಗಿಯುವುದಿಲ್ಲ, ತಿರುಗುವುದಿಲ್ಲ. ಮೊದಮೊದಲು ಮರದ ಗೊಂಬೆಯ ಹಾಗೆ ಹೋಗುತ್ತಿದ್ದವಳು ಆಮೇಲೆ ಮೈ ಬಿಟ್ಟಳು. ಒಂದು ಭಾನುವಾರ ಪ್ರಮೀಳಾ ಮಿಸ್ಸು, “ಮೋನಿಷಾ, ಇವತ್ತು ಸಣ್ಣ ಜಂಪ್. ಅರ್ಧ ಸುತ್ತು ಸಾಕು” ಎಂದರು.

ಮೋನಿ ಸುತ್ತು ಬಂದಳು, ಜಿಗಿಯುವ ಜಾಗಕ್ಕೆ ಬಂದಾಗ ನಿಧಾನ ಮಾಡಿದಳು, ಹಾದುಹೋದಳು. ಇನ್ನೊಂದು ಸುತ್ತು, ಮತ್ತೆ ಹಾದುಹೋದಳು. ಮುಖ ನನ್ನ ಕಡೆ ತಿರುಗಿಸಲಿಲ್ಲ. ಬೆಂಚಿನ ಮೇಲಿದ್ದ ತಾಯಂದಿರೆಲ್ಲ ಕತ್ತು ಚಾಚಿದರು. ನಾನು ಬಾಯಿ ತೆರೆದರೆ ಏನಾದರೂ ಬೈದುಬಿಡುತ್ತೇನೆಂದು ಸೆರಗು ಕಚ್ಚಿಕೊಂಡು ಕೂತೆ. ಮತ್ತೊಂದು ಸುತ್ತಿಗೆ ಬಂದವಳು ನಿಧಾನ ಮಾಡಲಿಲ್ಲ. ಕಾಲು ಬೀಸಿದಳು. ಹಾರಿದಳು!

ಇಳಿಯುವಾಗ ತೂಕ ತಪ್ಪಿತು.

ಮಂಡಿ ಮಡಚಿತು, ಕೈ ಎದೆಗೆ ಬಂತು, ಮುಷ್ಟಿ, ಗದ್ದ, ಪಕ್ಕಕ್ಕೆ ಜಾರಿ ಕೂತಳು, ಸುಯ್ಯನೆ ಸ್ವಲ್ಪ ದೂರ ಹೋದಳು, ನಾನು ಉಸಿರು ಬಿಡುವಷ್ಟರಲ್ಲಿ ಎದ್ದು ನಿಂತಿದ್ದಳು. ಬೆಂಚಿನಿಂದ ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. “ಭೇಷ್! ಭೇಷ್ ಕಣೇ! ಎಂಥಾ ಚೆನ್ನಾಗ್ ಬಿದ್ಯೇ!” ಎಂದು ಕೈ ಉರಿಯುವ ಹಾಗೆ ಚಪ್ಪಾಳೆ ತಟ್ಟುತ್ತಿದ್ದೆ.

ನೀರಿನ ಬಾಟಲಿ ಹಿಡಿದ ಒಬ್ಬ ತಾಯಿ ನನ್ನ ತೋಳು ಹಿಡಿದು, “ಅಜ್ಜಿ, ಪಾಪ ಅದು ಬಿದ್ದಿದೆ ಅಜ್ಜಿ” ಎಂದರು.

“ಗೊತ್ತಮ್ಮಾ, ಅದಕ್ಕೇ ಚಪ್ಪಾಳೆ. ನೀವೂ ತಟ್ಟಿ!”

ಅವರು ತಟ್ಟಿದರು, ಪಾಪ, ಏನೂ ಅರ್ಥವಾಗದೆ. ಅಷ್ಟರಲ್ಲಿ ಬೇಲಿಯ ಆಚೆಯಿಂದ ಒಂದು ಶಿಳ್ಳೆ ಬಂತು, ಮಂಡಿಯಲ್ಲಿ ಹಮಾಲಿಗಳನ್ನು ಕರೆಯುವಂಥ ಶಿಳ್ಳೆ. ಬಾಡಿಗೆಗೆ ಹೋಗುತ್ತೇನೆಂದು ಹೇಳಿ ಹೋದ ರಾಜು ಅಲ್ಲಿ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ಮೋನಿ ನಗುತ್ತಲೇ ಮತ್ತೆ ಸುತ್ತು ಬಂದಳು, ಮತ್ತೆ ಹಾರಿದಳು, ಈ ಸಲ ನಿಂತಳು. ಅದಕ್ಕೂ ಚಪ್ಪಾಳೆ ತಟ್ಟಿದೆವು, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ಈಗ ಅವಳು ಹತ್ತನೇ ಕ್ಲಾಸು. ಗಾಳಿಯಲ್ಲಿ ಪೂರ್ತಿ ಸುತ್ತು ತಿರುಗಿ ಇಳಿಯುತ್ತಾಳೆ, ಈಗ ಎರಡು ಸುತ್ತಿನದ್ದನ್ನು ಕಲಿಯುತ್ತಿದ್ದಾಳೆ; ಬೀಳದೆ ಅದು ಬರುವುದಿಲ್ಲ. ಮೊದಲೆಲ್ಲ ಅವಳು ಗೇಟು ತೆಗೆದರೆ ‘ಬಿದ್ಯಾ?’ ಎಂದು ಮೈಯೆಲ್ಲ ತಡವಿ ನೋಡುತ್ತಿದ್ದವಳು ನಾನು. ಆ ಅಭ್ಯಾಸ ಬಿಟ್ಟುಹೋಗಿದೆ. ಇವತ್ತು ನಾನು ಇದನ್ನು ಬರೆಯುತ್ತ ಕೂತಿರುವಾಗಲೇ ಬಂದಳು. ಬೆವರಿಲ್ಲ, ಧೂಳಿಲ್ಲ, ಬಟ್ಟೆಗೆ ಒಂದು ಸುಕ್ಕಿಲ್ಲ.

“ಅಜ್ಜಿ, ಇವತ್ತು ಒಂದ್ಸಲಾನೂ ಬೀಳ್ಲಿಲ್ಲ, ಗೊತ್ತಾ?” ಎಂದಳು ಹೆಮ್ಮೆಯಿಂದ.

ಕನ್ನಡಕ ತೆಗೆದು ನೋಡಿದೆ. “ಮತ್ತೆ ಇಷ್ಟೊತ್ತೂ ಅಲ್ಲೇನ್ ಮಾಡ್ತಿದ್ದೆ?”